ಪಂಪ್ ಸರ್ ಮತ್ತು ಬಿಸಿನೀರಿನ ಟಬ್ಬು

ಫ್ಲೆಕ್ಸಿನಲ್ಲಿ ಅವರ ಫೋಟೋ ಬಹಳ ದೊಡ್ಡದಾಗಿ ಬಂದಿತ್ತು. ಕಾಲೇಜಿನ ಗೇಟಿನ ಪಕ್ಕದಲ್ಲಿ ಎರಡು ಬಿದಿರಿಗೆ ಬಿಗಿದು ಕಟ್ಟಿದ್ದರು. ಸುತ್ತ ಬಣ್ಣಬಣ್ಣದ ಹೂವು, ಮೇಲೆ ಎರಡು ಪಾರಿವಾಳ, ಕೆಳಗೆ ‘ಮತ್ತೆ ಹುಟ್ಟಿ ಬನ್ನಿ ಗುರುಗಳೇ’ ಎಂಬ ಬರಹ, ಅದರ ಕೆಳಗೆ ಶ್ರದ್ಧಾಂಜಲಿ ಕೋರುವವರ ಮುಖಗಳ ಸಾಲು. ಆ ಸಾಲಿನಲ್ಲಿ ಮೊದಲ ಮುಖ ನನ್ನ ಕಾಕಾನದು. ಕಾಕಾ ಎಂದರೆ ನಮ್ಮಪ್ಪನ ತಮ್ಮ, ಜೇವರ್ಗಿಯ ಆ ಪಿಯು ಕಾಲೇಜು ನಡೆಸುವ ಮಂಡಳಿಯ ಕಾರ್ಯದರ್ಶಿ. ಎರಡನೆಯದು ಪ್ರಿನ್ಸಿಪಾಲ್ ಮಹಾಂತೇಶನದು. ಯಾರನ್ನು ಈ ಇಬ್ಬರೂ ಸೇರಿ ಅದೇ ಗೇಟಿನಿಂದ ಆಚೆ ಕಳಿಸಿದ್ದರೋ ಅವರನ್ನೇ ಈಗ ಮತ್ತೆ ಹುಟ್ಟಿ ಬರಲು ಕರೆಯುತ್ತಿದ್ದರು. ಬಂದರೆ ಎಲ್ಲಿ ಕೂಡಿಸುತ್ತೀರಿ ಎಂದು ಕೇಳಬೇಕೆನಿಸಿತು.

ನಾನು ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ರಜೆ ಹಾಕಿ ಎರಡು ಬಸ್ಸು ಬದಲಿಸಿ ಬಂದಿದ್ದೆ. ಬರದಿದ್ದರೂ ಆಗುತ್ತಿತ್ತು. ಆದರೆ ಶ್ರದ್ಧಾಂಜಲಿ ಸಭೆಯಲ್ಲಿ ಅವರ ಬಗ್ಗೆ ಏನೇನು ಹೇಳುತ್ತಾರೋ ಅದನ್ನು ಒಬ್ಬರಾದರೂ ಸಿಟ್ಟಿನಿಂದ ಕೇಳಿಸಿಕೊಳ್ಳಬೇಕಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಕೆಲಸವನ್ನು ಫ್ಲೆಕ್ಸಿನವರು ಮಾಡಿ ಮುಗಿಸಿದ್ದಾರೆ. ಅವರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವರು. ಮನೆಯವರು ಕೂಲಿ ಮಾಡಿ ಓದಿಸಿದ್ದರು. ಮನೆಯಲ್ಲಿ ಬುದ್ಧನ ಪಟ ಇತ್ತು. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಗೊತ್ತಾಗುತ್ತದೆ. ಜೇವರ್ಗಿಯಲ್ಲಿ ಅವರಿಗೆ ಬಾಡಿಗೆ ಮನೆ ಯಾಕೆ ಬೇಗ ಸಿಗಲಿಲ್ಲ, ಊರ ಹೊರಗಿನ ಒಂದೇ ಕೋಣೆಯಲ್ಲಿ ಯಾಕೆ ಅಷ್ಟು ವರ್ಷ ಕಳೆದರು ಎಂದು ಕೇಳುವ ಅವಶ್ಯಕತೆಯೂ ಬೀಳುವುದಿಲ್ಲ. ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಕಾಯಂ ನೌಕರಿಯಲ್ಲ. ಪ್ರತಿ ಜೂನಿನಲ್ಲಿ ಮಂಡಳಿ ಕರೆದರೆ ಉಂಟು, ಇಲ್ಲವಾದರೆ ಇಲ್ಲ. ಬೇರೆ ಉಪನ್ಯಾಸಕರು ಹಾಜರಿ ಪುಸ್ತಕ ಹಿಡಿದು ಕ್ಲಾಸಿಗೆ ಬಂದರೆ ಇವರು ಸೈಕಲ್ಲಿಗೆ ಗಾಳಿ ಹಾಕುವ ಪಂಪು ಹಿಡಿದು ಬರುತ್ತಿದ್ದರು. ಅದಕ್ಕೇ ಪಂಪ್ ಸರ್.

ಉದ್ದನೆಯ ಒಣಕಲು ಮನುಷ್ಯ, ಗೊಗ್ಗರು ದನಿ. ನಕ್ಕದ್ದನ್ನು ನಾನು ನೋಡಿಲ್ಲ. ಒಳ್ಳೆಯವರು, ಸಾಧುಸ್ವಭಾವದವರು ಎಂದೆಲ್ಲ ಆ ಸಭೆಯಲ್ಲಿ ಹೇಳಿದರು. ಸುಳ್ಳು. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಓದದೆ ಬಂದವರನ್ನು ಅವರು ಬೈದರೆ ಆ ಬೈಗುಳ ವಾರಗಟ್ಟಲೆ ಕಿವಿಯಲ್ಲಿ ಉಳಿಯುತ್ತಿತ್ತು. ನಾನು ನೆಲೋಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು. ಒಂದು ದಿನ ಉತ್ತರ ಬರದೆ ಸುಮ್ಮನೆ ನಿಂತಾಗ ಇಡೀ ಕ್ಲಾಸಿನ ಎದುರು ಹೇಳಿದರು: "ನಿಮ್ಮ ಕಾಕಾ ಕಾರ್ಯದರ್ಶಿ ಆದಾರ ಅಂತ ನೀ ಪಾಸಾಗಬಹುದು. ಆದ್ರ ಗಾಳಿ ನಿಮ್ಮ ಕಾಕಾನ ಮಾತ ಕೇಳಂಗಿಲ್ಲ, ನೋಡವಾ."

ಕಾಕಾನ ಬಗ್ಗೆ ಹಾಗೆ ಬಾಯಿಬಿಟ್ಟು ಮಾತಾಡಿದ ಮೊದಲ ಮನುಷ್ಯನನ್ನು ನಾನು ಅಂದು ನೋಡಿದೆ. ಮನೆಗೆ ಹೋಗಿ ಅತ್ತೆ. ಮರುದಿನ ಅವರು ಬಂದು, ಸಮಾಧಾನದ ಒಂದು ಮಾತೂ ಇಲ್ಲದೆ, ಅದೇ ಪಾಠವನ್ನು ಮೊದಲಿನಿಂದ ಮತ್ತೆ ಶುರು ಮಾಡಿದರು. ಅವರ ಸಮಾಧಾನ ಅಷ್ಟೇ.

ಅನಿಲ ನಿಯಮಗಳ ಪಾಠ ಎಂದರೆ ಉಳಿದ ಕಡೆ ಎರಡು ತಾಸಿನ ಕೆಲಸ. ಹಲಗೆಯ ಮೇಲೆ ಸೂತ್ರ ಬರೆದು, ಎರಡು ಲೆಕ್ಕ ಬಿಡಿಸಿ, ಇದು ಪರೀಕ್ಷೆಗೆ ಬರುತ್ತದೆ ಎಂದು ಅಡಿಗೆರೆ ಹಾಕಿಸಿದರೆ ಮುಗಿಯಿತು. ಇವರದು ತಿಂಗಳಾದರೂ ಮುಗಿಯುತ್ತಿರಲಿಲ್ಲ. ಸೂತ್ರವನ್ನು ಹಲಗೆಯ ಮೇಲೆ ಬರೆಯುವ ಮೊದಲು ಪಂಪು ಒಬ್ಬೊಬ್ಬರ ಕೈಗೂ ಬರಬೇಕು. ಅದರ ತುದಿಯ ತೂತಿಗೆ ಒಬ್ಬರು ಹೆಬ್ಬೆರಳು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹಿಡಿಕೆಯನ್ನು ಮೆಲ್ಲಗೆ ಕೆಳಗೆ ಒತ್ತಬೇಕು.

"ಏನಾತು?"

"ಗಾಳಿ ಹೊರಗ ಬರಾಕತ್ತದ್ರಿ ಸರ್."

"ಬರಾಕತ್ತಿಲ್ಲ. ಬರಬೇಕಂತ ನಿನ್ನ ಬೆರಳ ದೂಡಾಕತ್ತದ. ಬರೋದು ಬ್ಯಾರೆ, ದೂಡೋದು ಬ್ಯಾರೆ. ಮೊದಲ ನೋಡು, ಆಮ್ಯಾಲ ಹೇಳು. ಎಲ್ಲಾ ಆದ ಮ್ಯಾಲ ಬರಿ."

ಜಾಗ ಕಡಿಮೆಯಾದಷ್ಟೂ ಗಾಳಿ ಹೆಚ್ಚು ಒತ್ತುತ್ತದೆ, ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟು ಎಂಬುದು ನಮ್ಮ ಹೆಬ್ಬೆರಳಿಗೆ ಗೊತ್ತಾದ ಮೇಲೆ ಅವರು ಇನ್ನೊಂದು ಆಟ ಹೂಡುತ್ತಿದ್ದರು. ಪಂಪನ್ನು ಸರಸರನೆ ಒತ್ತಿಸಿ, ಬುಡ ಮುಟ್ಟಿ ನೋಡಿ ಎನ್ನುತ್ತಿದ್ದರು. ಮುಟ್ಟಿದರೆ ಬಿಸಿ. "ಉಷ್ಣತೆ ಬದಲಾಗಬಾರದು ಅಂತ ಷರತ್ತು ಹಾಕಿದ್ವಿ. ಈಗ ಬದಲಾತು. ಇನ್ನ ನೀ ಅದ ನಿಯಮ ಒದರಿದ್ರ ಸುಳ್ಳ ಹೇಳಿದಂಗ. ಷರತ್ತು ಬಿಟ್ಟು ನಿಯಮ ಹೇಳಬ್ಯಾಡ್ರಿ." ಆ ನಿಯಮ ಯಾರದು ಎಂಬುದನ್ನು ಅವರು ಎಲ್ಲಕ್ಕಿಂತ ಕೊನೆಗೆ ಹೇಳುತ್ತಿದ್ದರು. ಗಾಳಿಗೆ ಆ ಹೆಸರು ಗೊತ್ತಿಲ್ಲ ಎಂಬುದು ಅವರ ವಾದ.

ಪಾಲಕರಿಂದ ತಕರಾರು ಬಂತು. ಪಕ್ಕದ ಸೆಕ್ಷನ್ನಿನವರು ಮೂರು ಪಾಠ ಮುಂದಿದ್ದರು. ಕಾಕಾ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಗುತ್ತಿದ್ದ: "ಅಂವ ಪಾಠ ಮಾಡಾಕತ್ತಾನೋ, ಪಂಚರ್ ಅಂಗಡಿ ಇಟ್ಟಾನೋ?" ಸುತ್ತ ಕೂತವರೂ ನಗುತ್ತಿದ್ದರು. ಕಾಕಾ ನಕ್ಕಾಗ ನಗುವುದು ನಮ್ಮ ಊರಿನ ಪದ್ಧತಿ.

ಮಹಾಂತೇಶ ನಮ್ಮ ಕ್ಲಾಸಿನವನೇ. ಮುಂದಿನ ಬೆಂಚು, ಚಂದದ ಅಕ್ಷರ, ಪುಸ್ತಕದಲ್ಲಿರುವುದನ್ನು ಅಲ್ಪವಿರಾಮ ಸಮೇತ ಹೇಳುವ ಹುಡುಗ. ಒಂದು ಲೆಕ್ಕ ಕೊಟ್ಟಿದ್ದರು. ಬೇಸಿಗೆಯ ಮುಂಜಾನೆ ಇಪ್ಪತ್ತೆರಡು ಡಿಗ್ರಿ, ಮಧ್ಯಾಹ್ನ ನಲವತ್ತನಾಲ್ಕು. ಒತ್ತಡ ಬದಲಾಗದಿದ್ದರೆ ಅದೇ ಗಾಳಿ ಎಷ್ಟು ಹಿಗ್ಗುತ್ತದೆ? ಮಹಾಂತೇಶ ಕುಳಿತಲ್ಲಿಂದಲೇ ಹೇಳಿದ: "ಎರಡು ಪಟ್ಟು ಆಗ್ತದ್ರಿ ಸರ್."

"ನನ್ನ ಸೈಕಲ್ ಹೊರಗ ಬಿಸಲಾಗ ನಿಂತದ. ಮುಂಜಾನಿ ಗಾಳಿ ಹಾಕಿಸೇನಿ. ಟೈರು ಎರಡು ಪಟ್ಟು ಆಗ್ಯದೇನು, ಹೋಗಿ ನೋಡಿ ಬಾ."

ಅವನು ಎದ್ದು ಹೋಗಿ ನೋಡಿ ಬಂದು ತಲೆ ತಗ್ಗಿಸಿ ನಿಂತ. ಕ್ಲಾಸೆಲ್ಲ ನಗುತ್ತಿತ್ತು. ಸರ್ ನಗಲಿಲ್ಲ. "ನೀರು ಮಂಜಿನ ಗಡ್ಡಿ ಆಗೋ ಜಾಗಾಕ್ಕ ನಾವು ಸೊನ್ನಿ ಇಟ್ಟೇವಿ. ನಮ್ಮ ಅನುಕೂಲಕ್ಕ. ನಾವು ಸೊನ್ನಿ ಎಲ್ಲಿ ಇಟ್ಟೇವಿ ಅಂತ ಗಾಳಿಗೆ ಗೊತ್ತಿಲ್ಲ. ಅದರ ಸೊನ್ನಿ ಇನ್ನೂ ಭಾಳ ಕೆಳಗದ. ಅಲ್ಲಿಂದ ಎಣಸು." ಇನ್ನೂರಾ ಎಪ್ಪತ್ತಮೂರು ಕೂಡಿಸಿ ಕೆಲ್ವಿನ್ನಿನಲ್ಲಿ ಲೆಕ್ಕ ಹಾಕಿದರೆ ಗಾಳಿ ಹಿಗ್ಗಿದ್ದು ನೂರಕ್ಕೆ ಏಳೆಂಟು ಪಾಲು ಮಾತ್ರ. ಮಹಾಂತೇಶ ಆ ನಗೆಯನ್ನು ಮರೆಯಲಿಲ್ಲ. ಇನ್ನೂರಾ ಎಪ್ಪತ್ತಮೂರನ್ನಂತೂ ಮರೆಯಲೇ ಇಲ್ಲ. ಮುಂದೆ ಎಲ್ಲ ಪರೀಕ್ಷೆಯಲ್ಲೂ ಕೂಡಿಸಿದ.

ಸ್ಟಾಫ್ ರೂಮಿನ ಸಂಗತಿಯನ್ನೂ ಹೇಳಬೇಕು. ಅಲ್ಲಿ ಚಹಾ ಬಂದರೆ ಎಲ್ಲರಿಗೂ ಗಾಜಿನ ಗ್ಲಾಸು, ಸರ್‌ಗೆ ಮಾತ್ರ ಪೇಪರ್ ಕಪ್ಪು. ಯಾರೂ ಏನೂ ಅನ್ನುತ್ತಿರಲಿಲ್ಲ. ಬಹಳ ಮರ್ಯಾದೆಯಿಂದ, ನಗುನಗುತ್ತ ಕೊಡುತ್ತಿದ್ದರು. ಕೆಲವು ದಿನ ಕುಡಿದು ನೋಡಿದ ಸರ್, ಆಮೇಲೆ ಮನೆಯಿಂದ ತಮ್ಮದೇ ಸ್ಟೀಲಿನ ಲೋಟ ತಂದು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಆಗ ಎಲ್ಲರಿಗೂ ಸಿಟ್ಟು ಬಂತು. ನೋಡ್ರಿ ಎಷ್ಟು ಸೊಕ್ಕು, ನಮ್ಮ ಗ್ಲಾಸು ನಡೆಯೋದಿಲ್ಲಂತ ಎಂದು ಮಾತಾಡಿಕೊಂಡರು. ಆ ಕೋಣೆಯ ಗೋಡೆಯ ಮೇಲೆ ಎಲ್ಲರೂ ಒಂದೇ ಎಂಬ ಅರ್ಥದ ಶರಣರ ವಚನವನ್ನು ದುಂಡಗೆ ಬರೆಸಿದ್ದರು. ಬರೆಸಿದವನು ನನ್ನ ಕಾಕಾ.

ಬಿಸಿನೀರಿನ ಮಾತು ಬಂದದ್ದು ರೊಟ್ಟಿಯ ಪಾಠದಲ್ಲಿ. ಮನೆಯಲ್ಲಿ ರೊಟ್ಟಿ ಬಡಿಯುವವರು ಕೈ ಎತ್ತಿ ಎಂದರು. ಹುಡುಗಿಯರೆಲ್ಲ ಎತ್ತಿದೆವು, ಹುಡುಗರಲ್ಲಿ ಒಬ್ಬನೂ ಎತ್ತಲಿಲ್ಲ. ಹಂಚಿನ ಮೇಲೆ ರೊಟ್ಟಿ ಯಾಕೆ ಉಬ್ಬುತ್ತದೆ, ತೂತಾದ ರೊಟ್ಟಿ ಯಾಕೆ ಉಬ್ಬುವುದಿಲ್ಲ ಎಂದು ನಮ್ಮಿಂದಲೇ ಹೇಳಿಸಿದರು. ಆಮೇಲೆ ಕೇಳಿದರು: "ರೊಟ್ಟಿಗಿ ಉಬ್ಬಾಕ ಬರ್ತದ, ಉಬ್ಬತದ. ಬಾಯಿ ಮುಚ್ಚಿದ ಕಬ್ಬಿಣದ ಡಬ್ಬಿಗಿ ಉಬ್ಬಾಕ ಬರಂಗಿಲ್ಲ. ಅದರಾಗಿನ ಗಾಳಿ ಕಾಸಿದ್ರ ಏನ ಮಾಡ್ತದ?"

"ಒತ್ತಡ ಹೆಚ್ಚಾಗ್ತದ್ರಿ."

"ನಿಮ್ಮೂರ ಮದಿವ್ಯಾಗ ಗ್ಯಾಸ್ ಮುಗಿಯಾಕ ಬಂದ್ರ ಸಿಲಿಂಡರ್ ಏನ ಮಾಡ್ತಾರ?"

ಬಿಸಿನೀರಿನ ಟಬ್ಬಿನಲ್ಲಿ ಇಡುತ್ತಾರೆ ಎಂದು ಎಲ್ಲರೂ ಹೇಳಿದೆವು. ನಮ್ಮ ಕಡೆ ಮದುವೆ ಇರಲಿ, ಮಠದ ದಾಸೋಹ ಇರಲಿ, ಅದು ಮಾಮೂಲು. ದೊಡ್ಡ ಒಲೆ ಜೋರಾಗಿ ಉರಿದಂತೆ ಸಿಲಿಂಡರಿನ ಮೈ ತಣ್ಣಗಾಗಿ ಬೆವರುತ್ತದೆ, ಉರಿ ಇಳಿಯುತ್ತದೆ. ಬಿಸಿನೀರಿನಲ್ಲಿ ಇಟ್ಟರೆ ಉರಿ ಮತ್ತೆ ಏಳುತ್ತದೆ. ಉರಿ ಏಳುವುದು ಖರೆ, ಅದಕ್ಕೇ ಜನ ಈ ಚಾಳಿ ಬಿಡುವುದಿಲ್ಲ ಎಂದು ಸರ್ ಒಪ್ಪಿಕೊಂಡರು. ಆಮೇಲೆ ಹೇಳಿದರು: "ಅದರಾಗ ಬರೇ ಗಾಳಿ ಇಲ್ಲ, ತಳದಾಗ ನೀರಿನಂಥಾ ಗ್ಯಾಸ್ ಅದ. ಕಾಸಿದ್ರ ಅದೂ ಗಾಳಿ ಆಗಿ ಏಳತದ. ಒತ್ತಡ ಎಷ್ಟಕ್ಕ ಹೋಗ್ತದ, ಈ ಹಲಗಿ ಮ್ಯಾಲಿನ ಲೆಕ್ಕಕ್ಕ ಸಿಗಂಗಿಲ್ಲ. ಲೆಕ್ಕಕ್ಕ ಸಿಗದಿದ್ದಕ್ಕ ಇನ್ನಷ್ಟು ಅಂಜಬೇಕು."

ಆ ಸಲದ ಪರೀಕ್ಷೆಯಲ್ಲಿ ಅದನ್ನೇ ಕೇಳಿದರು. ಮಹಾಂತೇಶನ ಉತ್ತರವನ್ನು ಕ್ಲಾಸಿನಲ್ಲಿ ಓದಿಸಿದರು. ಪೂರ್ತಿ ಅಂಕ. ಅವರು ಯಾರಿಗಾದರೂ ಪೂರ್ತಿ ಅಂಕ ಕೊಟ್ಟಿದ್ದನ್ನು ನಾವು ನೋಡಿದ್ದು ಅದೊಂದೇ ಸಲ.

ಕೆಲವು ವರ್ಷ ಕಳೆದವು. ನಾನು ಕಲಬುರಗಿಯಲ್ಲಿ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಓದುತ್ತಿದ್ದೆ. ಮಹಾಂತೇಶ ಎಂ.ಎಸ್ಸಿ. ಓದುತ್ತಿರುವಾಗಲೇ ಕಾಕಾನ ಬೆನ್ನು ಹಿಡಿದು ಕಾಲೇಜಿನಲ್ಲಿ ಓಡಾಡಿಕೊಂಡಿದ್ದ. ವಾರ್ಷಿಕೋತ್ಸವದ ದಿನ ಊಟದ ಉಸ್ತುವಾರಿ ಅವನದೇ. ಕಾಲೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಡಿಗೆ ನಡೆದಿತ್ತು. ನಾನು ಶೆಡ್ಡಿನ ಹೊರಗೆ, ಬಾಗಿಲ ಪಕ್ಕದ ನೆರಳಿನಲ್ಲಿ ಹೆಂಗಸರ ಜೊತೆ ಸವತೆಕಾಯಿ ಹೆಚ್ಚುತ್ತ ಕೂತಿದ್ದೆ. ಒಳಗೆ ಗೋಧಿ ಹುಗ್ಗಿಯ ದೊಡ್ಡ ಪಾತ್ರೆ ಒಲೆಯ ಮೇಲಿತ್ತು. ಉರಿ ಇಳಿದಿತ್ತು. ಮಂತ್ರಿಯೊಬ್ಬರು ಬರುವ ಹೊತ್ತಾಗಿತ್ತು.

"ಗುರುಬಾಯಿ, ಸಿಲಿಂಡರ್ ಟಬ್ಬಿನಾಗ ಇಡು. ಕುದಿಯೋ ನೀರ ಹಾಕು, ಜಲ್ದಿ," ಎಂದ ಮಹಾಂತೇಶ. ಗುರುಬಾಯಿ ಅಡಿಗೆಯವಳು. ಮೊದಲೊಂದು ಸಲ ಹಾಕಿದಳು. ಇನ್ನಷ್ಟು ಹಾಕು ಎಂದ. ಇನ್ನಷ್ಟು ಹಾಕಿದಳು.

ಲ್ಯಾಬಿನ ಹಿಂದಿನ ಕಿಟಕಿ ಶೆಡ್ಡಿನ ಕಡೆಗಿತ್ತು. ಸರ್ ಅಲ್ಲಿಂದ ನೋಡಿರಬೇಕು. ಓಡುತ್ತ ಬಂದರು. ಬಾಗಿಲಲ್ಲಿ ಕಾಕಾ ನಿಂತಿದ್ದ. ಕೈ ಅಡ್ಡ ಹಿಡಿಯಲಿಲ್ಲ, ಬೈಯಲಿಲ್ಲ. ಬಹಳ ಮೆತ್ತಗೆ ಹೇಳಿದ: "ಸರ್, ಅಲ್ಲೇ ನಿಂದರ್ರಿ. ಅಡಿಗಿ ಇನ್ನಾ ನೈವೇದ್ಯ ಆಗಿಲ್ಲ."

ಕಾಲೇಜಿನ ಅಂಗಳದಲ್ಲಿ ಒಂದು ಸಣ್ಣ ಗುಡಿಯಿದೆ. ಅಡಿಗೆಯನ್ನು ಮೊದಲು ಅಲ್ಲಿಗೆ ಹಿಡಿಯಬೇಕು. ಅಲ್ಲಿಯವರೆಗೆ ಅಡಿಗೆಯ ಜಾಗಕ್ಕೆ ಹೊರಗಿನವರು ಬರಬಾರದು ಎಂಬುದು ಪದ್ಧತಿ. ಒಳಗೆ ಬಾಳೆಎಲೆ ತಂದವನಿದ್ದ, ಮೈಕಿನವನಿದ್ದ, ಪೆಂಡಾಲಿನ ಇಬ್ಬರಿದ್ದರು. ಅವರಲ್ಲಿ ಯಾರೂ ಹೊರಗಿನವರಾಗಿರಲಿಲ್ಲ.

ಸರ್ ನಿಂತರು. ಹೊಸ್ತಿಲ ಆಚೆಯಿಂದಲೇ ಹೇಳಿದರು: "ನಾ ಒಳಗ ಬರಂಗಿಲ್ರಿ. ಆ ಸಿಲಿಂಡರ್ ನೀರಾಗಿಂದ ತಗಸ್ರಿ. ಮೊದಲ ಒಲಿ ಆರಸ್ರಿ."

"ಸರ್, ಇದು ಕ್ಲಾಸಲ್ರಿ," ಎಂದ ಮಹಾಂತೇಶ. ಮೈಕಿನವನು ಕೇಳಿದ: "ಪಂಪ್ ತಂದೀರೇನ್ರಿ ಸರ್?" ನಾಲ್ಕು ಜನ ನಕ್ಕರು.

"ಮಹಾಂತೇಶ, ನೀ ಪರೀಕ್ಷಾದಾಗ ಬರದಿದ್ದೆಲ್ಲೋ ಇದನ್ನ. ನಿನಗ ಗೊತ್ತದ. ಪೈಪ್ ಹಳೇದದ, ತಡಿಯಂಗಿಲ್ಲ. ತಗಿ ಅದನ್ನ. ಏ ತಂಗಿ, ನೀನರ ಹಿಂದಕ ಸರಿ."

ತಂಗಿ ಎಂದದ್ದು ಗುರುಬಾಯಿಗೆ. ಅವಳು ಸರ್ ಮುಖ ನೋಡಿದಳು, ಮಹಾಂತೇಶನ ಮುಖ ನೋಡಿದಳು. ಅವಳಿಗೆ ಕೆಲಸ ಹೇಳುವವನು ಮಹಾಂತೇಶ. ಅಲ್ಲೇ ನಿಂತಳು. ನಾನು ಎದ್ದು "ಕಾಕಾ, ಸರ್ ಹೇಳೋದು ಖರೆ ಅದ" ಎಂದೆ. "ನೀ ಕಾಯಿ ಹೆಚ್ಚು," ಎಂದ ಕಾಕಾ. ಅಷ್ಟರಲ್ಲಿ ಪೈಪು ಕಿತ್ತು ಬಂತು. ಸುಸ್ ಎಂಬ ಸದ್ದು, ಹಿಂದೆಯೇ ಬೆಂಕಿ.

ಗುರುಬಾಯಿಯೊಬ್ಬಳನ್ನು ಬಿಟ್ಟು ಒಳಗಿದ್ದವರೆಲ್ಲ ಹೊರಗೆ ಓಡಿದರು. ಹೊರಗಿದ್ದ ಒಬ್ಬರು ಒಳಗೆ ಓಡಿದರು. ಆಗ ಅವರನ್ನು ಯಾರೂ ನಿಂದರ್ರಿ ಎನ್ನಲಿಲ್ಲ. ನೀರಿನಲ್ಲಿ ನೆನೆದಿದ್ದ ಗೋಣಿಚೀಲವನ್ನು ಗುರುಬಾಯಿಯ ಮೇಲೆ ಹಾಕಿ ಎಳೆದು ಹೊರಗೆ ತಂದರು. ಮತ್ತೆ ಒಳಗೆ ಹೋಗಿ ಸಿಲಿಂಡರಿನ ಕಿವಿಯನ್ನು ಬರಿಗೈಯಲ್ಲಿ ತಿರುವಿ ಬಂದ್ ಮಾಡಿದರು. ಗುರುಬಾಯಿಯ ಕೊರಳು, ಒಂದು ತೋಳು, ಅರ್ಧ ಮುಖ ಸುಟ್ಟಿತ್ತು. ಸರ್ ಅಂಗೈ ಚರ್ಮ ಸುಲಿದಿತ್ತು.

ಜೀಪು ಅವಳನ್ನು ದವಾಖಾನೆಗೆ ಒಯ್ದ ಮೇಲೆ ಅಡಿಗೆ ಚೆಲ್ಲುವ ಕೆಲಸ ಶುರುವಾಯಿತು. ಹುಗ್ಗಿಗೆ ಮಸಿ ಬಿದ್ದಿತ್ತು, ಚೆಲ್ಲಿದರು. ಸರಿ. ಅನ್ನದ ಪಾತ್ರೆ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಮುಚ್ಚಿಟ್ಟಿತ್ತು. ಅದಕ್ಕೆ ಹೊಗೆಯೂ ತಾಗಿರಲಿಲ್ಲ. ಅದನ್ನೂ ಚೆಲ್ಲಿದರು. ಅದಕ್ಕೇನಾಗಿತ್ತು ಎಂದು ನಾನು ಕೇಳಿದೆ. ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಅನ್ನದ ರಾಶಿ ಈಗಲೂ ಕಣ್ಣಿಗೆ ಬಂದರೆ ನನಗೆ ನಮ್ಮವರ ಮೇಲೆ ಹೇಸಿಗೆಯಾಗುತ್ತದೆ.

ವಾರದ ನಂತರ ಪ್ರಿನ್ಸಿಪಾಲರ ಕೋಣೆಯಲ್ಲಿ ಮಂಡಳಿ ಕೂಡಿತು. ಅಷ್ಟರೊಳಗೆ ಊರಿಗೆಲ್ಲ ಒಂದು ಕಥೆ ತಯಾರಾಗಿತ್ತು: ಅಡಿಗೆಯವಳು ಓದುಬರಹ ಬಾರದವಳು, ಯಾರನ್ನೂ ಕೇಳದೆ ತಾನೇ ಬಿಸಿನೀರು ಸುರಿದಳು. ಸರ್ ಕೂಡ ಹಾಗೇ ಹೇಳಿದರೆ ಕಥೆ ಮುಗಿಯುತ್ತಿತ್ತು. ಒಳಗೆ ನಡೆದದ್ದನ್ನು ಚಹಾ ಒಯ್ದಿದ್ದ ಜವಾನ ಆಮೇಲೆ ನನಗೆ ಹೇಳಿದ. ಸರ್ ಕೂಡ ಒಮ್ಮೆ ಅದನ್ನೇ ಹೇಳಿದರು, ಮಾತು ಹೆಚ್ಚುಕಡಿಮೆ ಇರಲಿಲ್ಲ.

"ಆಕಿ ತಾನಾಗೇ ಸುರದಿಲ್ರಿ. ಸುರಿ ಅಂದ್ರು, ಸುರದಳು. ಅಂದವರಿಗೆ ಎಲ್ಲಾ ಗೊತ್ತಿತ್ತು. ನಾನ ಕಲಿಸೇನಿ," ಎಂದರಂತೆ ಸರ್.

"ಸರ್, ಹುಡುಗನ ಭವಿಷ್ಯ ಅದ," ಎಂದನಂತೆ ಕಾಕಾ. "ಆಕಿದೇನದ. ನಾವು ನೋಡ್ಕೋತೀವಿ ಆಕಿನ್ನ."

"ಮುಖ ಹೋಗ್ಯದ ಆಕಿದು. ಹೆಸರರ ಉಳೀಲ್ರಿ."

ಆಮೇಲೆ ಮಹಾಂತೇಶನ ಕಡೆ ತಿರುಗಿ ಹೇಳಿದರಂತೆ: "ನಿನಗ ಪೂರ್ತಿ ಮಾರ್ಕ್ಸ್ ನಾನ ಕೊಟ್ಟೇನಿ. ಆ ಮಾರ್ಕ್ಸ್ ಸುಳ್ಳು. ತಪ್ಪಾಗಿ ಕೊಟ್ಟೇನಿ ಅಂತ ಎಲ್ಲಿ ಬೇಕಾದ್ರೂ ಹೇಳ್ತೇನಿ."

ಎಲ್ಲಿಯೂ ಹೇಳುವ ಪ್ರಸಂಗ ಬರಲಿಲ್ಲ. ಕೇಳುವವರು ಬೇಕಲ್ಲ. ನಾನು ಮನೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವ್ವ ಒಲೆಯ ಮುಂದಿನಿಂದ "ನೀ ಸಣ್ಣಾಕಿ, ಬಾಯಿ ಮುಚ್ಚಬೇ" ಎಂದಳು. ನಾನು ಮುಚ್ಚಲಿಲ್ಲ. ಕಾಕಾ ಮಾತು ಬಿಟ್ಟ. ಮುಂದಿನ ಜೂನಿನಲ್ಲಿ ಸರ್‌ಗೆ ಕರೆ ಬರಲಿಲ್ಲ. ಯಾಕೆ ಎಂದು ಹೇಳಬೇಕಾದ ಜವಾಬ್ದಾರಿ ಮಂಡಳಿಗೆ ಇರಲಿಲ್ಲ. ಮಹಾಂತೇಶ ಎಂ.ಎಸ್ಸಿ. ಮುಗಿಸಿ ಬಂದು ಅದೇ ಜಾಗದಲ್ಲಿ ಕೂತ, ಅದೇ ಪಾಠವನ್ನು ಎರಡು ತಾಸಿನಲ್ಲಿ ಮುಗಿಸಿದ. ಗುರುಬಾಯಿಯನ್ನು ನೋಡಿಕೊಳ್ಳುತ್ತೇವೆ ಎಂದವರು ನೋಡಿಕೊಳ್ಳಲಿಲ್ಲ. ಅವಳ ಮುಖ ಅಪಶಕುನವೆಂದು ಯಾರೂ ಮತ್ತೆ ಅಡಿಗೆಗೆ ಕರೆಯಲಿಲ್ಲ. ಅವಳ ಮುಖವನ್ನು ಹಾಗೆ ಮಾಡಿದವನ ಮುಖಕ್ಕೆ ಮಾತ್ರ ಪ್ರತಿ ಹಬ್ಬಕ್ಕೂ ಫ್ಲೆಕ್ಸು.

ನಾನು ನೌಕರಿಗೆ ಸೇರಿದ ಮೇಲೆ ಒಮ್ಮೆ ಕಿಣ್ಣಿ ಸುಲ್ತಾನಕ್ಕೆ ಹೋಗಿದ್ದೆ. ಅಂಗಳದಲ್ಲಿ ಹೈಸ್ಕೂಲಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಪಂಪು ಗೋಡೆಗೆ ಒರಗಿತ್ತು. ಸುಟ್ಟ ಅಂಗೈ ಬಿಗಿದುಕೊಂಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಸುಣ್ಣದ ಕಡ್ಡಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ತಾವೇ ಚಹಾ ಮಾಡಿ ಅದೇ ಸ್ಟೀಲಿನ ಲೋಟದಲ್ಲಿ ನನಗೆ ಕೊಟ್ಟರು, ತಾವು ಬಟ್ಟಲಲ್ಲಿ ಕುಡಿದರು. ಮಕ್ಕಳಿಗೆ ಏನು ಕಲಿಸುತ್ತಿ ಎಂದು ಕೇಳಿದರು. ಹೇಳಿದೆ. "ಷರತ್ತು ಹೇಳ್ತಿಯೋ ಇಲ್ಲೋ?" ಎಂದರು. ಹೇಳುತ್ತೇನೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಏಳುವ ಹೊತ್ತಿಗೆ ನಾನು ಕಾಕಾನ ಮಾತು ತೆಗೆದೆ. ಅಂದು ಅವನು ನಿಮ್ಮನ್ನು ತಡೆದದ್ದಕ್ಕೆ ನನಗೆ ಇವತ್ತಿಗೂ ಅವನ ಮುಖ ನೋಡಲಾಗುವುದಿಲ್ಲ ಎಂದೆ. ಅವರು ಅಂಗೈ ನೋಡಿಕೊಂಡರು.

"ಅವರು ತಡದಿದ್ದಕ್ಕ ನನಗ ಸಿಟ್ಟಿಲ್ಲವಾ. ಅವರ ಕೆಲಸ ಅದ, ಮಾಡಿದ್ರು. ನಾ ಯಾಕ ನಿಂತೆ? ಅದಕ್ಕ ಸಿಟ್ಟು. ನನಗ ಎಲ್ಲಾ ಗೊತ್ತಿತ್ತು. ನೀರು ಎಷ್ಟು ಬಿಸಿ ಅದ, ಪೈಪ್ ಎಷ್ಟು ಹಳೇದದ, ಎಲ್ಲಾ. ನಿಂದರ್ರಿ ಅಂದ್ರು. ನಿಂದ್ರು ಅಂದಲ್ಲಿ ನಿಂತು ನಿಂತು ರೂಢಿ ಆದ ಕಾಲು ಇವು, ನನ್ನ ಕೇಳದಂಗ ತಾವ ನಿಂತ್ವು. ಆ ಹೆಣ್ಣಮಗಳ ಮುಖ ಹೋತು."

ನಿಮ್ಮದೇನೂ ತಪ್ಪಿಲ್ಲ ಎಂದೆ. "ಖಾಲಿ ಮಾತು," ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ಬಸ್ಸಿನಲ್ಲಿ ಕೂತು ಅತ್ತೆ, ಪಿಯುಸಿಯಲ್ಲಿ ಅತ್ತ ಹಾಗೆ.

ಈಗ ಅವರು ಇಲ್ಲ. ಎದೆನೋವು ಬಂದು ಕಲಬುರಗಿಗೆ ಒಯ್ಯುವ ದಾರಿಯಲ್ಲಿ ಹೋದರಂತೆ. ಶ್ರದ್ಧಾಂಜಲಿ ಸಭೆಯಲ್ಲಿ ಪ್ರಿನ್ಸಿಪಾಲ್ ಮಹಾಂತೇಶ ಮೊದಲು ಮಾತಾಡಿದ. ಗುರುಗಳು ನಮಗೆ ಅನಿಲ ನಿಯಮಗಳನ್ನು ಜನ್ಮದಲ್ಲಿ ಮರೆಯದ ಹಾಗೆ ಕಲಿಸಿದರು ಎಂದ. ಮರೆತಿಲ್ಲವೆಂದು ತೋರಿಸಲು ನಿಯಮವನ್ನು ಅಲ್ಲೇ ಹೇಳಿದ. ಗಾತ್ರ ಬದಲಾಗದಿದ್ದಾಗ, ನಿರ್ದಿಷ್ಟ ಪ್ರಮಾಣದ ಅನಿಲದ ಒತ್ತಡವು ಅದರ ಕೆಲ್ವಿನ್ ಉಷ್ಣತೆಗೆ ನೇರ ಅನುಪಾತದಲ್ಲಿರುತ್ತದೆ. ಷರತ್ತು ಸಮೇತ, ಒಂದಕ್ಷರ ತಪ್ಪಿಲ್ಲದೆ. ಮಕ್ಕಳು ಚಪ್ಪಾಳೆ ಹೊಡೆದರು. ಬೆಂಕಿಯ ಮಾತು ಯಾರೂ ಎತ್ತಲಿಲ್ಲ. ಗುರುಬಾಯಿ ಬಂದಿರಲಿಲ್ಲ, ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ಆಮೇಲೆ ಕಾಕಾ ಮೈಕು ಹಿಡಿದ. ಅವರು ನಮ್ಮ ಮನೆಯವರ ಹಾಗೆಯೇ ಇದ್ದರು ಎಂದ. ನನಗೆ ಕೂತಿರಲಾಗಲಿಲ್ಲ. ಎದ್ದು ಹೊರಗೆ ಬಂದು, ನೀರು ಕುಡಿಯಲೆಂದು ಕಾಲೇಜಿನ ಹಿಂದಕ್ಕೆ ಹೋದೆ.

ಅದೇ ಶೆಡ್ಡು, ತಗಡು ಮಾತ್ರ ಹೊಸದು. ಸಭೆಯ ನಂತರದ ಊಟಕ್ಕೆ ಅಡಿಗೆ ನಡೆದಿತ್ತು. ಬಾಗಿಲ ಎದುರಿನ ದೊಡ್ಡ ಒಲೆಯ ಪಕ್ಕದಲ್ಲಿ ಟಬ್ಬು, ಟಬ್ಬಿನಲ್ಲಿ ಸಿಲಿಂಡರ್, ಸುತ್ತಲೂ ಹಬೆ. ನನಗೆ ಗುರುತಿಲ್ಲದ ಒಬ್ಬ ಹೆಂಗಸು ಕುದಿನೀರಿನ ಕೊಡ ಎತ್ತಿ ತರುತ್ತಿದ್ದಳು. ನನ್ನ ಕಾಲು ಬಾಗಿಲಲ್ಲಿ ತಡೆಯಿತು. ಒಳಗೆ ಉಸ್ತುವಾರಿಗೆ ನಿಂತಿದ್ದ ಮನುಷ್ಯ ನನ್ನ ಗುರುತು ಹಿಡಿದು ನಕ್ಕ.

"ಬರ್ರಿ ಅಕ್ಕಾ, ಒಳಗ ಬರ್ರಿ. ಸಾಹೇಬ್ರ ಅಣ್ಣನ ಮಗಳಲ್ರಿ ನೀವು?"

"ನೈವೇದ್ಯ ಆಗ್ಯದೇನು?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಇನ್ನಾ ಇಲ್ರಿ. ನಿಮಗ್ಯಾಕ್ರಿ ಅದು. ನೀವು ಬರ್ರಿ."

ನಾನು ಒಳಗೆ ಹೋದೆ. ಆ ಹೆಂಗಸಿನ ಕೈಯಿಂದ ಕೊಡ ಇಳಿಸಿದೆ. ಸಿಲಿಂಡರಿನ ಕಿವಿ ತಿರುವಿ ಬಂದ್ ಮಾಡಿದೆ, ಉರಿ ಆರಿತು. ಇಬ್ಬರೂ ಸೇರಿ ಅದನ್ನು ನೀರಿನಿಂದ ಎತ್ತಿ ಬಯಲಿಗೆ ತಂದು ನೆರಳಿನಲ್ಲಿ ಇಟ್ಟೆವು. ಯಾರೂ ನನ್ನನ್ನು ತಡೆಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ಅನ್ನದ ಪಾತ್ರೆ ಮೂಲೆಯಲ್ಲಿ ಮುಚ್ಚಿಟ್ಟಿತ್ತು, ಅದನ್ನು ಯಾರೂ ಚೆಲ್ಲಲಿಲ್ಲ. ಹೊರಗೆ ಮೈಕಿನಲ್ಲಿ ಕಾಕಾ ಇನ್ನೂ ಮಾತಾಡುತ್ತಿದ್ದ. ನಾನು ತಿರುಗಿ ಬಾಗಿಲು ನೋಡಿದೆ, ಟಬ್ಬು ನೋಡಿದೆ. ಅಂದು ಸರ್ ನಿಂತಿದ್ದ ಹೊಸ್ತಿಲಿನಿಂದ ಅದು ಏನೂ ದೂರವಿರಲಿಲ್ಲ.